ಅಂಡಾಣುವಿನ ತವರುಮನೆ

ಬಂಗಾಳದ ಸುಂದರಬನದ ಜೌಗುನೆಲದಲ್ಲಿ ಗರೋಲ್ ಎಂಬ ಒಂದು ಕುರಿಯ ತಳಿಯುಂಟು. ನೋಡುವುದಕ್ಕೆ ಗಿಡ್ಡ, ಬೆಳೆದ ಹೆಣ್ಣುಕುರಿ ಹತ್ತು ಹದಿನೈದು ಕಿಲೋ ತೂಗಿದರೆ ಹೆಚ್ಚು. ಮೊಣಕಾಲುದ್ದದ ನೀರಿನಲ್ಲಿ ನಿಂತು ಹುಲ್ಲು ಮೇಯುವುದಕ್ಕೂ ಅದು ಹಿಂಜರಿಯುವುದಿಲ್ಲ. ಈ ಬಡಪ್ರಾಣಿಗೆ ಒಂದು ದೊಡ್ಡ ಭಾಗ್ಯವಿದೆ. ನಮ್ಮ ಬಯಲುಸೀಮೆಯ ಕುರಿ ಸಾಮಾನ್ಯವಾಗಿ ಸೂಲಿಗೊಂದು ಮರಿಯನ್ನು ಈದರೆ, ಗರೋಲ್ ಕುರಿ ಎರಡನ್ನು, ಕೆಲವೊಮ್ಮೆ ಮೂರನ್ನು ಈಯುತ್ತದೆ.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಬಂಗಾಳದ ಕೆಲವು ಕುರಿಗಳು ಕಲ್ಕತ್ತೆಯಲ್ಲಿ ಹಡಗನ್ನೇರಿ ಆಸ್ಟ್ರೇಲಿಯವನ್ನು ಸೇರಿದುವು. ಕಾಲಾಂತರದಲ್ಲಿ ಅವುಗಳ ರಕ್ತ ಅಲ್ಲಿಯ ಮೆರಿನೋ ಮಂದೆಗಳಲ್ಲಿ ಬೆರೆತು ಮರೆಯಾಯಿತು. ಆದರೆ ನ್ಯೂ ಸೌತ್ ವೇಲ್ಸ್ ಪ್ರಾಂತದ ಕೂಮಾ ಊರಿನ ಬಳಿ, ಬೂರೂಲಾ ಎಂಬ ಜಮೀನಿನಲ್ಲಿ, ಸಿಯರ್ಸ್ ಎಂಬ ಸೋದರರು ಅವಳಿ-ತ್ರಿವಳಿಯಾಗಿ ಹುಟ್ಟಿದ ಕುರಿಗಳನ್ನೇ ಆರಿಸಿ ಆರಿಸಿ ಸಾಕಿದರು. ೧೯೫೮ರ ಸುಮಾರಿಗೆ ಸಿ.ಎಸ್.ಐ.ಆರ್.ಓ. ಎಂಬ ಅಲ್ಲಿಯ ಸರಕಾರಿ ವಿಜ್ಞಾನಸಂಸ್ಥೆ ಆ ಮಂದೆಯ ಕುರಿಗಳನ್ನು ಪಡೆದು ಪರೀಕ್ಷೆಗೆ ತೊಡಗಿತು. ಬಹುಸಂತಾನದ ಈ ಗುಣ ಹಲವಾರು ಕಾರಣಗಳ ಕೂಟವಾಗಿರದೆ, ಒಂದೇ ಒಂದು ಜೀನಿನಿಂದ, ಅಂದರೆ ಒಂದೇ ವಂಶವಾಹಿಯಿಂದ, ಇಳಿದು ಬರುತ್ತಿರಬೇಕೆಂಬ ಊಹೆ ೧೯೮೦ರ ಹೊತ್ತಿಗೆ ಬಲವಾಯಿತು. ೨೦೦೧ರಲ್ಲಿ ಮೂರು ಬೇರೆ ಬೇರೆ ತಂಡಗಳು ಆ ಜೀನನ್ನು ಗುರುತಿಸಿದುವು. ಅದರ ಉದ್ದವಾದ ಬರಹದಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು! ಮರುವರ್ಷವೇ ಗರೋಲ್ ಕುರಿಯಲ್ಲಿಯೂ ಅದೇ ಅಕ್ಷರದ ಬದಲಾವಣೆ ಇರುವುದು ಸಿದ್ಧವಾಯಿತು. ಇನ್ನೂರು ವರ್ಷಗಳ ಹಿಂದೆ ಸಮುದ್ರ ದಾಟಿದ ಬಂಗಾಳದ ಕುರಿಯ ವಂಶಾವಳಿ ಹೀಗೆ ಮತ್ತೆ ಬೆಳಕಿಗೆ ಬಂತು.

ಒಂದು ಅಕ್ಷರದ ವ್ಯತ್ಯಾಸ ಮರಿಗಳ ಸಂಖ್ಯೆಯನ್ನು ಹೆಚ್ಚಿಸುವುದೆಂದರೇನು? ಇದಕ್ಕೆ ಉತ್ತರ ಬೇಕಾದರೆ ನಾವು ತಾಯಿಯ ಒಡಲಿನಲ್ಲಿ ಹುದುಗಿರುವ ಒಂದು ಅತಿಸೂಕ್ಷ್ಮ ಪ್ರಪಂಚವನ್ನು ಹೊಕ್ಕು ನೋಡಬೇಕು. ಆ ಪ್ರಪಂಚವೇ ಅಂಡಾಶಯ. ಕುರಿಗಾಗಲಿ, ಇಲಿಗಾಗಲಿ, ಮನುಷ್ಯರಿಗಾಗಲಿ ಅದರ ವ್ಯವಸ್ಥೆ ಬಹುಮಟ್ಟಿಗೆ ಒಂದೇ.

ಗೂಡು ಮತ್ತು ಹಕ್ಕಿ

ಹಾಲೆಂಡಿನ ಡೆಲ್ಫ್ಟ್ ನಗರದಲ್ಲಿ ರೇನಿಯರ್ ಡಿ ಗ್ರಾಫ್ ಎಂಬ ತರುಣ ವೈದ್ಯನಿದ್ದನು. ಅಂಡಾಶಯದ ಮೇಲೆ ದ್ರವ ತುಂಬಿದ ಗುಳ್ಳೆಗಳು ಕಾಣುವುದನ್ನು ಅವನು ೧೬೭೨ರಲ್ಲಿ ವಿವರವಾಗಿ ವರ್ಣಿಸಿದನು. ಆ ಗುಳ್ಳೆಯೇ ತತ್ತಿಯೆಂದು ಅವನು ತಿಳಿದನು. ನಿಜವಾದ ಅಂಡಾಣು ಅದರೊಳಗೆ ಅಡಗಿದೆಯೆಂಬುದು ತಿಳಿಯಲು ಮತ್ತೆ ನೂರೈವತ್ತು ವರ್ಷಗಳೇ ಬೇಕಾದುವು. ೧೮೨೭ರಲ್ಲಿ ಕಾರ್ಲ್ ಅರ್ನ್‌ಸ್ಟ್ ಫಾನ್ ಬೇರ್ ಎಂಬ ವಿಜ್ಞಾನಿ, ತನ್ನ ಸಹೋದ್ಯೋಗಿ ಬುರ್ಡಾಕನ ಮನೆಯ ಒಂದು ನಾಯಿಯ ಅಂಡಾಶಯದ ಗುಳ್ಳೆಯನ್ನು ಒಡೆದು, ಅದರೊಳಗಿನ ಹಳದಿ ಚುಕ್ಕೆಯನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ ಬೆರಗಾದನು. ಸಸ್ತನಿಗಳ ಅಂಡಾಣುವನ್ನು ಮನುಷ್ಯನು ಸ್ಪಷ್ಟವಾಗಿ ಗುರುತಿಸಿದ್ದು ಅದೇ ಮೊದಲು.

ಈ ಗುಳ್ಳೆಗೆ ವೈದ್ಯರ ಭಾಷೆಯಲ್ಲಿ ಫಾಲಿಕಲ್ ಎಂದು ಹೆಸರು. ನಾವು ಇಲ್ಲಿ ಗೂಡು ಎಂದೇ ಕರೆಯೋಣ. ಗೂಡಿನ ನಡುವೆ ಒಂದೇ ಒಂದು ಅಂಡಾಣು. ಅದರ ಸುತ್ತಲೂ ಗ್ರಾನ್ಯುಲೋಸಾ ಎಂಬ ಸಣ್ಣ ಜೀವಕೋಶಗಳು. ಇವು ಅಂಡಾಣುವಿಗೆ ಆಹಾರವನ್ನು ಒದಗಿಸುತ್ತವೆ, ಕಾವಲು ಕಾಯುತ್ತವೆ, ಹೊರಗಿನ ಸುದ್ದಿಯನ್ನು ತಿಳಿಸುತ್ತವೆ. ಆದ್ದರಿಂದ ಇವನ್ನು ಸಖೀಕೋಶಗಳೆಂದರೆ ತಪ್ಪಾಗದು. ಮೊದಲಿಗೆ ಗೂಡಿನಲ್ಲಿ ಚಪ್ಪಟೆಯಾದ ಕೆಲವೇ ಸಖಿಯರಿರುತ್ತಾರೆ. ಗೂಡು ಎಚ್ಚೆತ್ತು ಬೆಳೆಯತೊಡಗಿದಾಗ ಅವರು ದುಂಡಗಾಗಿ, ಸಂಖ್ಯೆಯಲ್ಲಿ ಬೆಳೆದು, ಪದರ ಪದರವಾಗಿ ಸುತ್ತುವರಿಯುತ್ತಾರೆ. ಕೊನೆಗೆ ಒಳಗೆ ದ್ರವ ತುಂಬುತ್ತದೆ. ಹೆಂಗಸಿನಲ್ಲಿ ಪೂರ್ಣ ಪಕ್ವವಾದ ಗೂಡು ಸುಮಾರು ಎರಡು ಸೆಂಟಿಮೀಟರ್ ಅಗಲವಿದ್ದರೆ, ಅದರೊಳಗಿನ ಅಂಡಾಣು ಒಂದು ಮಿಲಿಮೀಟರಿನ ಹತ್ತರಲ್ಲೊಂದು ಭಾಗದಷ್ಟು. ಗೂಡು ಒಡೆದು ಅಂಡಾಣು ಹೊರಬಿದ್ದ ದಿನ ಅದು ತವರನ್ನು ಬಿಟ್ಟು ಹೊರಟಂತೆ.

ಈ ತವರುಮನೆಯ ಲೆಕ್ಕಾಚಾರ ಬಹಳ ಕಟ್ಟುನಿಟ್ಟು. ಹೆಣ್ಣುಶಿಶು ಇಪ್ಪತ್ತು ವಾರಗಳ ಭ್ರೂಣವಾಗಿರುವಾಗ ಅವಳ ಅಂಡಾಶಯಗಳಲ್ಲಿ ಸುಮಾರು ೬೦ರಿಂದ ೭೦ ಲಕ್ಷ ಅಂಡಜನಕ ಜೀವಕೋಶಗಳಿರುತ್ತವೆ. ಹುಟ್ಟುವ ವೇಳೆಗೆ ಅವು ೧೦ರಿಂದ ೨೦ ಲಕ್ಷಕ್ಕಿಳಿದಿರುತ್ತವೆ. ಮೈನೆರೆಯುವ ವೇಳೆಗೆ ಸುಮಾರು ೩-೪ ಲಕ್ಷ. ಇಷ್ಟರಲ್ಲಿ ಜೀವಮಾನವಿಡೀ ಪಕ್ವವಾಗಿ ಹೊರಬರುವವು ಸುಮಾರು ನಾನೂರು ಮಾತ್ರ. ಉಳಿದವೆಲ್ಲ ದಾರಿಯಲ್ಲಿಯೇ ಸೊರಗಿ ಅಳಿಯುತ್ತವೆ. ಸುಮಾರು ಒಂದು ಸಾವಿರದಷ್ಟು ಉಳಿಯುವ ಹೊತ್ತಿಗೆ ಮುಟ್ಟು ನಿಲ್ಲುತ್ತದೆ.

ಇನ್ನೊಂದು ಸ್ವಾರಸ್ಯವನ್ನು ಓದುಗರು ಗಮನಿಸಬೇಕು. ಯಾವ ಅಂಡಾಣುವಿನಿಂದ ನಾವು ಹುಟ್ಟಿದೆವೋ ಅದು ನಮ್ಮ ತಾಯಿ ತನ್ನ ತಾಯಿಯ ಗರ್ಭದಲ್ಲಿದ್ದಾಗಲೇ ರೂಪುಗೊಂಡಿತ್ತು. ಅಜ್ಜಿಯ ಒಡಲಿನಲ್ಲಿಯೇ ಮೊಮ್ಮಗುವಿನ ಒಂದು ಪಾಲು ಸಿದ್ಧವಾಗಿತ್ತೆಂದ ಹಾಗಾಯಿತು. ಆಮೇಲೆ ಅದು ಇಪ್ಪತ್ತು, ಮೂವತ್ತು ವರ್ಷಕಾಲ ತನ್ನ ವಿಭಜನೆಯನ್ನು ನಡುವೆಯೇ ನಿಲ್ಲಿಸಿ, ಕರೆಗಾಗಿ ಕಾದು ಕುಳಿತಿತ್ತು. ಯಾರು ಅದನ್ನು ನಿದ್ರೆಯಲ್ಲಿಟ್ಟರು? ಯಾರು ಎಬ್ಬಿಸಿದರು? ಲಕ್ಷಾಂತರ ಗೂಡುಗಳಲ್ಲಿ ಅದೇ ಏಕೆ ಎದ್ದಿತು?

ಯಾವ ಪರ್ವದ ಪಾರಾಯಣ?

ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ಶಾಸ್ತ್ರಕ್ಕೆ ಜೀನುಗಳ ಅಭಿವ್ಯಕ್ತಿಯ ಅಧ್ಯಯನವೆಂದು ಹೆಸರು. ಹೆಸರು ಭಾರಿಯಾದರೂ ವಿಷಯ ಸರಳ. ನಮ್ಮ ದೇಹದ ಹೆಚ್ಚುಕಡಿಮೆ ಪ್ರತಿಯೊಂದು ಜೀವಕೋಶದಲ್ಲಿಯೂ ಸುಮಾರು ಇಪ್ಪತ್ತು ಸಾವಿರ ಜೀನುಗಳ ಒಂದೇ ಗ್ರಂಥವಿದೆ. ಹಾಗಾದರೆ ಕಣ್ಣಿನ ಕೋಶ ಕಣ್ಣಾಗಿ, ಅಂಡಾಶಯದ ಕೋಶ ಅಂಡಾಶಯವಾಗಿ ಇರುವುದು ಹೇಗೆ? ನಮ್ಮಲ್ಲಿ ಭಾರತದ ಗ್ರಂಥ ಊರೂರಿನಲ್ಲಿಯೂ ಇರುತ್ತಿತ್ತು. ಆದರೆ ಮಳೆ ಬಾರದ ಊರಿನಲ್ಲಿ ವಿರಾಟಪರ್ವವನ್ನು ಓದಿಸುತ್ತಿದ್ದರು. ಬೇರೊಂದು ಊರಿನಲ್ಲಿ ಬೇರೊಂದು ಸಂದರ್ಭಕ್ಕೆ ಬೇರೊಂದು ಪರ್ವ. ಗ್ರಂಥ ಒಂದೇ, ಓದಿದ ಭಾಗ ಬೇರೆ. ಜೀವಕೋಶವೂ ಹಾಗೆಯೇ ತನಗೆ ಬೇಕಾದ ಜೀನುಗಳನ್ನಷ್ಟೇ ತೆರೆದು ಓದುತ್ತದೆ. ಓದಬೇಕಾದ ಭಾಗವನ್ನು ಅದು ಆರ್.ಎನ್.ಎ. ಎಂಬ ಚಿಕ್ಕ ನಕಲುಗಳಾಗಿ ಬರೆದುಕೊಂಡು, ಅದರಂತೆ ಪ್ರೋಟೀನುಗಳನ್ನು ತಯಾರಿಸುತ್ತದೆ. ಆ ನಕಲುಗಳನ್ನು ಎಣಿಸಿದರೆ ಯಾವ ಕೋಶದಲ್ಲಿ, ಯಾವ ಹೊತ್ತಿನಲ್ಲಿ, ಯಾವ ಪರ್ವದ ಪಾರಾಯಣ ನಡೆಯುತ್ತಿದೆಯೆಂದು ತಿಳಿಯಬಹುದು.

ಮೊದಮೊದಲು ಸಾವಿರಾರು ಕೋಶಗಳನ್ನು ಒಟ್ಟಿಗೆ ಅರೆದು ಈ ಎಣಿಕೆ ಮಾಡಬೇಕಾಗಿತ್ತು. ಇದರಿಂದ ಅಂಡಾಣುವಿನ ಧ್ವನಿ ಸಖಿಯರ ಗದ್ದಲದಲ್ಲಿ ಮುಳುಗಿಹೋಗುತ್ತಿತ್ತು. ೨೦೦೯ರಲ್ಲಿ ಕೇಂಬ್ರಿಜಿನ ವಿಜ್ಞಾನಿಗಳು ಇಲಿಯ ಒಂದೇ ಒಂದು ಜೀವಕೋಶದ ಸಕಲ ನಕಲುಗಳನ್ನೂ ಓದುವ ವಿಧಾನವನ್ನು ಪ್ರಕಟಿಸಿದರು. ಅಂದಿನಿಂದ ಅಂಡಾಶಯದ ಒಂದೊಂದು ಕೋಶವನ್ನೂ ಪ್ರತ್ಯೇಕವಾಗಿ ವಿಚಾರಿಸುವುದು ಸಾಧ್ಯವಾಗಿದೆ.

ಅರ್ಧವಿದ್ದರೆ ಸಮೃದ್ಧಿ, ಇಲ್ಲದಿದ್ದರೆ ಶೂನ್ಯ

ಗೂಡಿನಲ್ಲಿ ಅಧಿಕಾರ ಯಾರದು? ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ರಕ್ತಕ್ಕೆ ಬಿಡುವ ಚೋದಕಗಳು, ಅಂದರೆ ಹಾರ್ಮೋನುಗಳು, ಗೂಡನ್ನು ಪಕ್ವಗೊಳಿಸುತ್ತವೆಂಬುದು ಬಹುಕಾಲದಿಂದ ತಿಳಿದ ವಿಷಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಅವರೂ ಅವರ ಸಂಗಡಿಗರೂ ಕಪಿಗಳಲ್ಲಿ ಈ ಚೋದಕಗಳ ಕಾರ್ಯವನ್ನು ಕುರಿತು ದೀರ್ಘಕಾಲ ಸಂಶೋಧನೆ ನಡೆಸಿದರು. ಆಗ ಅಂಡಾಣುವನ್ನು ಸಖಿಯರು ಸಾಕುವ ಮೂಕ ಶಿಶುವೆಂದೇ ಭಾವಿಸಲಾಗಿತ್ತು.

೧೯೯೬ರಲ್ಲಿ ಈ ಭಾವನೆ ತಲೆಕೆಳಗಾಯಿತು. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಮಾರ್ಟಿನ್ ಮಾಟ್ಜುಕ್ ಅವರ ತಂಡ ಜಿ.ಡಿ.ಎಫ್.-೯ ಎಂಬ ಒಂದು ಜೀನನ್ನು ತೆಗೆದುಹಾಕಿದ ಇಲಿಗಳನ್ನು ಬೆಳೆಸಿತು. ಅಂಡಾಶಯದಲ್ಲಿ ಈ ಜೀನನ್ನು ಓದುವುದು ಅಂಡಾಣು. ಆದರೆ ಅದು ಇಲ್ಲವಾದಾಗ ಕೆಲಸ ನಿಲ್ಲಿಸಿದವರು ಸಖಿಯರು! ಅವರ ಒಂದು ಪದರಕ್ಕೆ ಮೇಲೆ ಎರಡನೆಯ ಪದರವೇ ಏಳಲಿಲ್ಲ. ಇಲಿಗಳಿಗೆ ಮರಿಗಳಾಗಲಿಲ್ಲ. ಎಂದ ಮೇಲೆ ಅಂಡಾಣು ಮೂಕಶಿಶುವಲ್ಲ. ತನ್ನ ಮನೆಯನ್ನು ತಾನೇ ಹೇಳಿ ಕಟ್ಟಿಸಿಕೊಳ್ಳುವ ಯಜಮಾನಿ.

ಇದೇ ಸಮಯಕ್ಕೆ ನ್ಯೂಜಿಲೆಂಡಿನ ಮಂದೆಯೊಂದರಿಂದ ಇನ್ನೂ ವಿಚಿತ್ರವಾದ ಸಾಕ್ಷ್ಯ ಒದಗಿತು. ಅಲ್ಲಿ ಒಂದು ಹೆಣ್ಣುಕುರಿ ಹನ್ನೊಂದು ಸೂಲಿನಲ್ಲಿ ಮೂವತ್ತಮೂರು ಮರಿಗಳನ್ನು ಈದಿತ್ತು. ಇನ್ವರ್‌ಡೇಲ್ ಎಂದು ಹೆಸರಾದ ಅದರ ವಂಶದಲ್ಲಿ ಬದಲಾದ ಜೀನು ಎಕ್ಸ್ ವರ್ಣತಂತುವಿನ ಮೇಲಿತ್ತು. ತಂದೆತಾಯಿಗಳಲ್ಲಿ ಒಬ್ಬರಿಂದ ಮಾತ್ರ ಕೆಟ್ಟ ಪ್ರತಿಯನ್ನು ಪಡೆದ ಹೆಣ್ಣುಕುರಿಗೆ ಅವಳಿ-ತ್ರಿವಳಿಗಳು. ಇಬ್ಬರಿಂದಲೂ ಪಡೆದದ್ದಕ್ಕೆ ಮರಿಯೇ ಇಲ್ಲ. ಅದರ ಅಂಡಾಶಯ ಒಂದು ನಾರಿನ ಎಳೆಯಂತೆ ಬಡವಾಗಿರುತ್ತಿತ್ತು. ೨೦೦೦ದಲ್ಲಿ ಅದು ಬಿ.ಎಂ.ಪಿ.-೧೫ ಎಂಬ ಜೀನೆಂದು ಗೊತ್ತಾಯಿತು. ಜಿ.ಡಿ.ಎಫ್.-೯ರ ಹತ್ತಿರದ ನಂಟು ಇದು. ಇದನ್ನೂ ಅಂಡಾಣುವೇ ಓದಿ ಸಖಿಯರಿಗೆ ಸಂದೇಶವನ್ನು ಕಳುಹಿಸುತ್ತದೆ. ಸಂದೇಶ ಅರ್ಧಕ್ಕಿಳಿದರೆ ಸಖಿಯರು ಪಿಟ್ಯುಟರಿಯ ಚೋದಕಗಳಿಗೆ ಬೇಗನೆ ಓಗೊಡುತ್ತಾರೆ. ಒಂದರ ಬದಲು ಎರಡು ಮೂರು ಗೂಡುಗಳು ಸಣ್ಣದಿರುವಾಗಲೇ ಹಣ್ಣಾಗುತ್ತವೆ. ಸಂದೇಶ ಪೂರಾ ನಿಂತರೆ ಗೂಡು ಮೊದಲ ಪದರದಲ್ಲಿಯೇ ಉಳಿಯುತ್ತದೆ.

ಬೂರೂಲಾ ಕುರಿಯಲ್ಲಿ ಬದಲಾಗಿದ್ದ ಅಕ್ಷರ ಇಂಥ ಸಂದೇಶಗಳನ್ನು ಕೇಳಿಸಿಕೊಳ್ಳುವ ಕಿವಿಗೆ, ಅಂದರೆ ಸಖಿಯರ ಮೈಮೇಲಿನ ಗ್ರಾಹಕಕ್ಕೆ, ಸಂಬಂಧಿಸಿದ್ದು. ಅಲ್ಲಿ ಎರಡು ಪ್ರತಿಗಳಿದ್ದರೂ ಕುರಿ ಗೊಡ್ಡಾಗುವುದಿಲ್ಲ. ಮರಿಗಳ ಸಂಖ್ಯೆ ಮತ್ತಷ್ಟು ಹೆಚ್ಚುತ್ತದೆ. ಮಹಾರಾಷ್ಟ್ರದ ಫಲ್ಟಣದಲ್ಲಿರುವ ನಿಂಬ್ಕರ್ ಕೃಷಿ ಸಂಶೋಧನಾ ಸಂಸ್ಥೆಯವರು ಗರೋಲ್ ಕುರಿಯ ಈ ಜೀನನ್ನು ದಖನಿ ಕುರಿಗೆ ತಂದು, ತೊಟ್ಟು ರಕ್ತದ ಪರೀಕ್ಷೆಯಿಂದ ಮರಿಗಳನ್ನು ಆರಿಸಿ, ‘ನಾರಿ ಸುವರ್ಣ’ವೆಂಬ ತಳಿಯನ್ನು ರೂಪಿಸಿದರು. ನಮ್ಮ ಕರ್ನಾಟಕದ ಕುರಿಗಾರರಿಗೂ ಆ ಹೆಸರು ಚಿರಪರಿಚಿತವಾಗಿದೆ.

ತಂದೆಯಿಂದ ಬಂದ ಪತ್ರ

ಕುರಿಯ ಕಥೆ ಮನುಷ್ಯರ ಮನೆಯನ್ನು ಮುಟ್ಟಲು ತಡವಾಗಲಿಲ್ಲ. ನಲವತ್ತು ವರ್ಷಕ್ಕೆ ಮೊದಲೇ ಅಂಡಾಶಯ ಸೋತು ಮುಟ್ಟು ನಿಲ್ಲುವ ಸ್ಥಿತಿ ನೂರರಲ್ಲಿ ಒಬ್ಬ ಹೆಂಗಸಿಗಾದರೂ ಒದಗುತ್ತದೆ. ೨೦೦೪ರಲ್ಲಿ ಇಟಲಿಯ ವೈದ್ಯರು ಇಂಥ ಸ್ಥಿತಿಯಲ್ಲಿದ್ದ ಇಬ್ಬರು ಸೋದರಿಯರನ್ನು ಪರೀಕ್ಷಿಸಿದಾಗ, ಇಬ್ಬರಲ್ಲಿಯೂ ಇದೇ ಬಿ.ಎಂ.ಪಿ.-೧೫ ಜೀನಿನಲ್ಲಿ ದೋಷ ಕಂಡುಬಂತು. ಆ ದೋಷ ಬಂದಿದ್ದುದು ಯಾರಿಂದ? ತಾಯಿಯಿಂದಲ್ಲ, ತಂದೆಯಿಂದ. ಅಂಡಾಶಯವೇ ಇಲ್ಲದ ತಂದೆಗೆ ಆ ಜೀನಿನಿಂದ ಯಾವ ತೊಂದರೆಯೂ ಆಗಿರಲಿಲ್ಲ. ಅವನಿಗೆ ತಿಳಿಯದಂತೆ ಅದು ಹೆಣ್ಣುಮಕ್ಕಳ ಕೈಸೇರಿತ್ತು.

ಮಕ್ಕಳಿಲ್ಲದ ಹೆಂಗಸನ್ನು ಬಂಜೆಯೆಂದು ಕರೆದು, ಅರಿಶಿನ ಕುಂಕುಮಕ್ಕೂ ಹಿಂದೆ ನಿಲ್ಲಿಸಿ, ಅವಳ ಹಣೆಬರಹವನ್ನೂ ಅವಳ ತವರಿನ ಹೆಂಗಸರನ್ನೂ ಜರೆದ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಆ ನಿಂದೆಗೆ ಶಾಸ್ತ್ರದ ಆಧಾರವಿಲ್ಲವೆಂಬುದಕ್ಕೆ ಈ ಇಬ್ಬರು ಸೋದರಿಯರ ಪ್ರಸಂಗವೊಂದೇ ಸಾಕು. ಮಕ್ಕಳಾಗದಿರುವ ಕಾರಣ ಎಷ್ಟೋ ಸಲ ಗಂಡನಲ್ಲಿಯೂ ಇರುತ್ತದೆಂಬುದನ್ನು ಇದರೊಡನೆ ಸೇರಿಸಿ ನೆನೆಯಬೇಕು.

ನಿದ್ರೆಯ ಕಾವಲು

ಗೂಡುಗಳು ಒಂದೇ ಸಲಕ್ಕೆ ಎಚ್ಚರಗೊಂಡರೆ ಏನಾಗುವುದು? ೨೦೦೩ರಲ್ಲಿ ಫಾಕ್ಸ್-ಓ-೩ ಎಂಬ ಜೀನನ್ನು ಕಳೆದುಕೊಂಡ ಇಲಿಗಳಲ್ಲಿ ಹಾಗೆಯೇ ಆಯಿತು. ನಿದ್ರಿಸುತ್ತಿದ್ದ ಗೂಡುಗಳೆಲ್ಲ ಒಟ್ಟಾಗಿ ಎದ್ದುವು. ಭಂಡಾರ ಎಳೆವಯಸ್ಸಿನಲ್ಲಿಯೇ ಬರಿದಾಯಿತು. ೨೦೦೮ರಲ್ಲಿ ಪಿಟೆನ್ ಎಂಬ ಇನ್ನೊಂದು ಜೀನನ್ನು ಅಂಡಾಣುವಿನಿಂದ ತೆಗೆದಾಗಲೂ ಇದೇ ಫಲ. ಇವೆಲ್ಲ ಕದಕ್ಕೆ ಹಾಕಿದ ಅಗುಳಿಗಳಿದ್ದಂತೆ. ಬೆಳೆಯುತ್ತಿರುವ ಗೂಡುಗಳ ಸಖಿಯರು ಎ.ಎಂ.ಎಚ್. ಎಂಬ ಚೋದಕವನ್ನು ಹೊರಸೂಸಿ, ಮಲಗಿರುವ ಗೂಡುಗಳು ಅವಸರಪಟ್ಟು ಏಳದಂತೆ ತಡೆಯುತ್ತಾರೆಂಬುದೂ ಇಲಿಗಳಲ್ಲಿ ಕಂಡುಬಂದಿದೆ.

೨೦೦೯ರಲ್ಲಿ ಯೂರೋಪಿನ ವಿಜ್ಞಾನಿಗಳು ಬೆಳೆದ ಹೆಣ್ಣಿಲಿಗಳ ಅಂಡಾಶಯದಲ್ಲಿ ಫಾಕ್ಸ್-ಎಲ್-೨ ಎಂಬ ಜೀನನ್ನು ಮುಚ್ಚಿದಾಗ ಕಂಡದ್ದು ಎಲ್ಲಕ್ಕಿಂತ ಮಿಗಿಲಾದ ಅಚ್ಚರಿ. ಸಖೀಕೋಶಗಳು ಗಂಡಿನ ವೃಷಣದ ಕೋಶಗಳ ರೂಪವನ್ನು ತಾಳಿದುವು! ಅಂಡಾಶಯವು ಒಮ್ಮೆ ಹುಟ್ಟಿದ ಮೇಲೆ ತಾನಾಗಿ ಅಂಡಾಶಯವಾಗಿಯೇ ಉಳಿಯುತ್ತದೆಂದು ನಾವು ತಿಳಿದಿದ್ದೆವು. ಹಾಗಲ್ಲವಂತೆ, ಜೀವಮಾನವಿಡೀ ಆ ಪರ್ವವನ್ನು ನಿಲ್ಲಿಸದೆ ಓದುತ್ತಿರಬೇಕು. ಓದು ನಿಂತ ದಿನ ಗುರುತೂ ಅಳಿಸುತ್ತದೆ.

ಬತ್ತದ ಊಟೆಯುಂಟೆ?

ಇನ್ನು ಒಂದು ದೊಡ್ಡ ವ್ಯಾಜ್ಯದ ವಿಷಯ. ಹುಟ್ಟುವಾಗ ತಂದ ಗಂಟಿಗೆ ಅಂಡಾಶಯ ಹೊಸದೊಂದು ಅಂಡಾಣುವನ್ನೂ ಸೇರಿಸದೆಂದು ೧೯೫೧ರಲ್ಲಿ ಸಾಲಿ ಜುಕರ್‌ಮನ್ ಅವರು ಸಾಧಾರವಾಗಿ ಪ್ರತಿಪಾದಿಸಿದ್ದರು. ಅರ್ಧ ಶತಮಾನ ಅದು ವೇದವಾಕ್ಯದಂತೆ ನಡೆಯಿತು. ೨೦೦೪ರಲ್ಲಿ ಬಾಸ್ಟನ್ನಿನ ಜೊನಾಥನ್ ಟಿಲ್ಲಿ ಅವರ ತಂಡ, ಬೆಳೆದ ಇಲಿಯ ಅಂಡಾಶಯದಲ್ಲಿಯೂ ಹೊಸ ಅಂಡಾಣುಗಳು ಹುಟ್ಟುತ್ತವೆಂದು ಸಾರಿದಾಗ ವಿಜ್ಞಾನಲೋಕದಲ್ಲಿ ಕೋಲಾಹಲವೆದ್ದಿತು. ಭಂಡಾರ ಬರಿದಾಗಿದೆಯೆಂದು ಕೈಚೆಲ್ಲಿದ್ದ ಎಷ್ಟೋ ಹೆಂಗಸರಿಗೆ ಇದು ಆಸೆಯ ಕಿರಣವಾಗಿ ಕಂಡದ್ದು ಸಹಜ. ಆದರೆ ೨೦೨೦ರಲ್ಲಿ ಸ್ವೀಡನ್ನಿನ ಸಂಶೋಧಕರು ಮಾನವ ಅಂಡಾಶಯದ ಸಾವಿರಾರು ಜೀವಕೋಶಗಳನ್ನು ಒಂದೊಂದಾಗಿ ಓದಿ, ಅಂಥ ಮೂಲಕೋಶಗಳು ಅಲ್ಲಿ ಕಾಣಲಿಲ್ಲವೆಂದು ಪ್ರಕಟಿಸಿದರು. ವ್ಯಾಜ್ಯ ಪೂರ್ತಿಯಾಗಿ ತೀರದಿದ್ದರೂ ಸಾಕ್ಷ್ಯದ ಭಾರ ಹಳೆಯ ಮಾತಿನ ಕಡೆಗೇ ಇದೆ. ಅಂಡಾಶಯಕ್ಕೆ ಮರಳಿ ಯೌವನ ತರುತ್ತೇವೆಂದು ಹಣ ಕೇಳುವವರ ಜಾಹೀರಾತನ್ನು ಓದುವಾಗ ಈ ಮಾತು ನೆನಪಿನಲ್ಲಿರಬೇಕು.

ಎ.ಎಂ.ಎಚ್. ರಕ್ತಪರೀಕ್ಷೆಯ ವಿಷಯವೂ ಅಷ್ಟೆ. ಚಿಕಿತ್ಸೆ ಪಡೆಯುತ್ತಿರುವ ಹೆಂಗಸಿನ ಅಂಡಾಶಯ ಔಷಧಕ್ಕೆ ಎಷ್ಟು ಓಗೊಟ್ಟೀತೆಂದು ತಿಳಿಯಲು ಅದು ವೈದ್ಯರಿಗೆ ಸಹಾಯಕ. ಆದರೆ ಬಂಜೆತನದ ಇತಿಹಾಸವಿಲ್ಲದ, ಮೂವತ್ತು ದಾಟಿದ ಹೆಂಗಸರನ್ನು ಕುರಿತು ಅಮೆರಿಕದಲ್ಲಿ ನಡೆದು ೨೦೧೭ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆ ಅಂಕಿ ಕಡಿಮೆಯಿದ್ದವರೂ ಉಳಿದವರಂತೆಯೇ ಸಹಜವಾಗಿ ಗರ್ಭ ಧರಿಸಿದರು. ಕಾಗದದ ಮೇಲಿನ ಒಂದು ಅಂಕಿಯನ್ನು ನೋಡಿ ಹುಡುಗಿಯ ಭವಿಷ್ಯವನ್ನು ನಿರ್ಣಯಿಸುವುದು, ಮದುವೆಯ ಮಾತುಕತೆಯಲ್ಲಿ ಅದನ್ನು ಕೇಳುವುದು, ಅವಿವೇಕ.

ಪ್ರಯೋಗಶಾಲೆಯಿಂದ ಆಸ್ಪತ್ರೆಗೆ

ಸಾಧಿಸಿದ್ದೇನೆಂದು ಓದುಗರು ಕೇಳಬಹುದು. ಕ್ಯಾನ್ಸರ್ ಚಿಕಿತ್ಸೆಯ ಉಗ್ರ ಔಷಧಗಳು ಎಳೆಯ ಹುಡುಗಿಯ ಅಂಡಾಣುಗಳನ್ನು ಸುಟ್ಟುಬಿಡುವುದುಂಟು. ಆದ್ದರಿಂದ ಚಿಕಿತ್ಸೆಗೆ ಮೊದಲೇ ಅಂಡಾಶಯದ ಒಂದು ಚೂರನ್ನು ತೆಗೆದು ಹೆಪ್ಪುಗಟ್ಟಿಸಿಡುವ ಕ್ರಮ ಬಂದಿದೆ. ಮನುಷ್ಯರಿಗಿಂತ ಮೊದಲು ಇದನ್ನು ಕುರಿಯಲ್ಲಿಯೂ ಸಾಧಿಸಿ ತೋರಿಸಿದ್ದರು: ೧೯೯೪ರಲ್ಲಿ ಎಡಿನ್‌ಬರೊದಲ್ಲಿ ರೋಜರ್ ಗಾಸ್ಡನ್ ಮತ್ತು ಸಂಗಡಿಗರು ಹೆಪ್ಪುಗಟ್ಟಿಸಿದ ಚೂರನ್ನು ಮರಳಿ ಕಸಿಮಾಡಿ ಕುರಿಗೆ ಮರಿಯಾಗುವಂತೆ ಮಾಡಿದರು. ಹತ್ತು ವರ್ಷಗಳ ಮೇಲೆ, ೨೦೦೪ರಲ್ಲಿ, ಬೆಲ್ಜಿಯಮ್ಮಿನಲ್ಲಿ ಕ್ಯಾನ್ಸರಿನಿಂದ ಗುಣಹೊಂದಿದ ಒಬ್ಬ ತಾಯಿ ಇದೇ ಕ್ರಮದಿಂದ ಮಗುವನ್ನು ಹೆತ್ತಳು.

ಗೂಡುಗಳ ಅಗುಳಿಯನ್ನು ತೆಗೆಯುವ ಜ್ಞಾನವೂ ಉಪಯೋಗಕ್ಕೆ ಬಂದಿದೆ. ಜಪಾನಿನ ಕಝುಹಿರೊ ಕವಾಮುರಾ ಮತ್ತು ಸಂಗಡಿಗರು, ಅಕಾಲದಲ್ಲಿ ಅಂಡಾಶಯ ಸೋತ ೨೭ ಹೆಂಗಸರಿಂದ ಅಂಡಾಶಯವನ್ನು ತೆಗೆದು, ಚೂರುಮಾಡಿ, ಪಿಟೆನ್ನಿನ ತಡೆಯನ್ನು ಸಡಿಲಿಸುವ ಔಷಧದಲ್ಲಿಟ್ಟು ಮರಳಿ ಕಸಿಮಾಡಿದರು. ೨೦೧೩ರ ಅವರ ವರದಿಯಲ್ಲಿ ಅಂಥ ಒಬ್ಬ ತಾಯಿಗೆ ಆರೋಗ್ಯವಂತ ಮಗು ಹುಟ್ಟಿದ ಸುದ್ದಿಯಿತ್ತು. ಇಪ್ಪತ್ತೇಳರಲ್ಲಿ ಒಬ್ಬಳು! ಕಡಿಮೆಯೆನ್ನಬಹುದು, ಆ ಒಬ್ಬಳನ್ನು ಕೇಳಿದರೆ ಉತ್ತರ ಬೇರೆಯಾದೀತು.

ಅದೇ ಜಪಾನಿನಲ್ಲಿ ಕತ್ಸುಹಿಕೊ ಹಯಾಶಿ ಅವರ ತಂಡ ೨೦೧೬ರಲ್ಲಿ ಇಲಿಯ ಮೂಲಕೋಶಗಳಿಂದ ಗಾಜಿನ ತಟ್ಟೆಯಲ್ಲಿಯೇ ಅಂಡಾಣುಗಳನ್ನು ಬೆಳೆಸಿ, ಅವುಗಳಿಂದ ಮರಿಗಳನ್ನು ಪಡೆಯಿತು. ಅದಕ್ಕೂ ಭ್ರೂಣದ ಅಂಡಾಶಯದಿಂದ ತಂದ ಸಖೀಕೋಶಗಳ ಸಹವಾಸ ಬೇಕಾಯಿತು. ೨೦೨೧ರಲ್ಲಿ ಆ ಸಖಿಯರನ್ನೂ ಮೂಲಕೋಶಗಳಿಂದಲೇ ತಯಾರಿಸಿದರು. ಗೂಡಿಲ್ಲದೆ ಹಕ್ಕಿಯಿಲ್ಲವೆಂಬ ಮಾತು ಅಲ್ಲಿಯೂ ಸುಳ್ಳಾಗಲಿಲ್ಲ. ಮನುಷ್ಯರ ವಿಷಯದಲ್ಲಿ ಈ ದಾರಿ ಇನ್ನೂ ಬಹುದೂರವಿದೆ. ಅದನ್ನು ತುಳಿಯಬೇಕೇ, ಎಷ್ಟು ದೂರ ತುಳಿಯಬೇಕು ಎಂಬುದನ್ನು ವಿಜ್ಞಾನಿಗಳೊಡನೆ ಸಮಾಜವೂ ಕೂಡಿ ಯೋಚಿಸಬೇಕು.

ಒಂದು ಅಂಡಾಣು ತನ್ನ ಸಖಿಯರೊಡನೆ ನಡೆಸುವ ಪಿಸುಮಾತನ್ನು ಆಲಿಸಲು ಮನುಷ್ಯನಿಗೆ ಮುನ್ನೂರೈವತ್ತು ವರ್ಷಗಳು ಹಿಡಿದುವು. ಕೇಳಿಸಿದ್ದು ಇನ್ನೂ ಅರೆಬರೆ. ಕೇಳಿಸಿದಷ್ಟರಿಂದಲೇ ಕುರಿಗಾರನ ಹಟ್ಟಿಯಲ್ಲಿ ಇನ್ನೊಂದು ಮರಿ ಹೆಚ್ಚಿದೆ, ಕೆಲವು ಮನೆಗಳಲ್ಲಿ ತೊಟ್ಟಿಲು ತೂಗಿದೆ. ಆ ಭಾಗ್ಯವಿಲ್ಲದ ಮನೆಗಳಿಗಾದರೋ, ಒಬ್ಬ ಹೆಣ್ಣುಮಗಳನ್ನು ಬಿರುನುಡಿಯಿಂದ ನೋಯಿಸುವ ಹಕ್ಕು ಯಾರಿಗೂ ಇಲ್ಲವೆಂಬ ತಿಳಿವಳಿಕೆ ದೊರೆತರೆ, ಅದೂ ಈ ವಿದ್ಯೆಯ ಸಣ್ಣ ಫಲವೇನಲ್ಲ.